ಸೌದೆ ಒಡೆಯುವವನ ಸದ್ದು

ಹನ್ನೆರಡನೆಯ ರಾತ್ರಿ. ಆಂಟ್‌ವರ್ಪ್ ಊರಿನ ಮೇಲೆ
ಸ್ಕೆಲ್ಟ್ ನದಿಯ ಮಂಜು, ಒದ್ದೆ ಕಂಬಳಿ.
ಅಪ್ಪನ ಎದೆ ಏಳುತ್ತದೆ, ಬೀಳುತ್ತದೆ,
ಅಪ್ಪನ ಅಪ್ಪಣೆ ಕೇಳದೆ.

ಐವತ್ತು ವರ್ಷ ವಜ್ರ ಸೀಳಿದವನು ನನ್ನಪ್ಪ ಫೈವಿಶ್.
ಒಂದೊಂದು ಹರಳಿನ ಮುಂದೆ ವಾರಗಟ್ಟಲೆ ಕೂತು
ಒಳಗಿನ ಎಳೆ ಯಾವ ಕಡೆಗೆ ಹರಿದಿದೆಯೆಂದು ನೋಡಿ ನೋಡಿ
ಕೊನೆಗೊಂದು ದಿನ, ತಿಂಡಿಗೂ ಮುಂಚೆ,
ಒಂದೇ ಏಟು.
ತಪ್ಪಿದರೆ ಮನೆ ಮಾರಬೇಕು, ಅಷ್ಟೇ, ಎನ್ನುತ್ತಿದ್ದ
ಚಹಾದ ಲೋಟದಲ್ಲಿ ಸಕ್ಕರೆ ಕದಡುತ್ತ.

ಡಾಕ್ಟರ್ ಕ್ಲಾಸೆನ್ಸ್ ಒಳ್ಳೆಯವರು. ಕುರ್ಚಿ ಎಳೆದು ಕೂತೇ ಮಾತಾಡುತ್ತಾರೆ.
‘ಮಿದುಳು ಮರಳುವುದಿಲ್ಲ. ಯಂತ್ರ ತೆಗೆಯಬಹುದು.
ಇದು ಕೊಲ್ಲುವುದಲ್ಲ ಪೆರ್ಲ್, ದಾರಿ ಬಿಡುವುದು.’
ತಮ್ಮ ಜಲ್ಮನ್ ಕಿಟಕಿಯತ್ತ ತಿರುಗಿ
‘ಒಂದು ಗಳಿಗೆಯ ಜೀವವೂ ಪೂರ್ತಿ ಜೀವವೇ’ ಎಂದ.
ಇಬ್ಬರದೂ ಸರಿ ಅನ್ನಿಸಿತು. ಅದೇ ಕಷ್ಟ.

ರಬ್ಬಿಗಳು ಬಂದರು, ಎಂಬತ್ತಾರರ ಮುದುಕರು.
ಸಬ್ಬತ್ ಹೊಕ್ಕಾಗಿತ್ತು, ಲಿಫ್ಟು ಮುಟ್ಟುವ ಹಾಗಿಲ್ಲ;
ನಾಲ್ಕು ಮಹಡಿ ಹತ್ತಿ ಅವರು ಬಾಗಿಲು ಹಿಡಿದು ನಿಂತಾಗ
ಕೋಣೆಯಲ್ಲಿ ಎಲ್ಲರಿಗಿಂತ ನಿರಾಳವಾಗಿ
ಉಸಿರಾಡುತ್ತಿದ್ದವನು ಅಪ್ಪನೇ.

‘ಹಿಂದಿನವರ ಮಾತು ಇದು’ ಎಂದರು.
‘ಒಬ್ಬ ಸಾಯುತ್ತಿದ್ದಾನೆ. ಹೊರಗೆ ಯಾರೋ ಸೌದೆ ಒಡೆಯುತ್ತಿದ್ದಾನೆ.
ಆ ಸದ್ದಿಗೆ ಕಟ್ಟುಬಿದ್ದು ಜೀವ ಹೊರಡಲೊಲ್ಲದು.
ಸೌದೆಯವನಿಗೆ, ಸಾಕು ಮಾಡಪ್ಪಾ, ಅನ್ನಬಹುದು.
ನಾಲಗೆಯ ಮೇಲೆ ಉಪ್ಪಿನ ಹರಳಿದ್ದರೆ ಒರೆಸಬಹುದು.
ಆದರೆ ತಲೆಯಡಿಯ ದಿಂಬು ಎಳೆಯಕೂಡದು.
ಆರುವ ದೀಪವನ್ನು ಮುಟ್ಟಿದ ಬೆರಳೇ ಆರಿಸಿದ ಬೆರಳು.’

ಅಷ್ಟರಲ್ಲಿ ನರ್ಸ್ ಲೀಸೆಲೋಟ್ ಬಂದು
ಉಪ್ಪುನೀರಿನ ಹತ್ತಿಯಿಂದ ಅಪ್ಪನ ತುಟಿ ಒದ್ದೆ ಮಾಡಿದಳು.
ರಬ್ಬಿಗಳು ಬೆಚ್ಚಿ ನನ್ನ ಮುಖ ನೋಡಿದರು.

‘ಹಾಗಾದರೆ ಈ ಯಂತ್ರ?’ ಕೇಳಿದೆ. ‘ಸೌದೆಯವನೋ, ದಿಂಬೋ?’

ಬಾಗಿ ಕೊಳವೆಗೆ ಕಿವಿಯಿಟ್ಟರು.
ಬಹಳ ಹೊತ್ತು. ಗಡ್ಡ ಹಾಸಿಗೆಯ ಮೇಲೆ ಬಿದ್ದಿತ್ತು.
‘ನನ್ನ ಗುರುಗಳ ಕಾಲಕ್ಕೆ ಉಸಿರು ಮೂಗಿನಲ್ಲಿತ್ತು,
ಈಗ ಗೋಡೆಯಲ್ಲಿದೆ. ಗೊತ್ತಿಲ್ಲ ಮಗಳೇ.
ಇರುವುದನ್ನು ಕೀಳಬೇಡಿ. ಮುಗಿಯುವುದನ್ನು ಮತ್ತೆ ಕಟ್ಟಬೇಡಿ.’

ರಕ್ತದೊತ್ತಡ ಹಿಡಿದಿಟ್ಟ ಔಷಧಿಯ ಚೀಲ
ಬೆಳಗಿನ ಜಾವ ನಾಲ್ಕಕ್ಕೆ ಖಾಲಿಯಾಗುವುದಿತ್ತು.
‘ಕೀಳುವುದಕ್ಕೂ ಕಟ್ಟದಿರುವುದಕ್ಕೂ ಏನು ವ್ಯತ್ಯಾಸ?
ಹೆಣ ಒಂದೇ’ ಎಂದರು ಡಾಕ್ಟರ್,
ಜಗಳಕ್ಕಲ್ಲ, ನಿಜಕ್ಕೂ ತಿಳಿಯಲೆಂದು.
‘ಹೆಣಕ್ಕೆ ವ್ಯತ್ಯಾಸವಿಲ್ಲ. ಕೈಗೆ ಇದೆ.
ನಾಳೆ ಅದೇ ಕೈಯಲ್ಲಿ ರೊಟ್ಟಿ ಮುರಿಯಬೇಕಲ್ಲ.’
ಕ್ಲಾಸೆನ್ಸ್ ತಮ್ಮ ಕೈಗಳನ್ನು ಜೇಬಿಗೆ ಹಾಕಿದರು.

ಮೂರು ಗಂಟೆಗೆ ನೆನಪಾಯಿತು: ಒಂದು ಹರಳು,
ಕಡಲೆಕಾಳಿನಷ್ಟು, ಮಬ್ಬು ಹಳದಿ.
ಹತ್ತು ತಿಂಗಳು ಇಟ್ಟುಕೊಂಡು ಅಪ್ಪ ಹಾಗೇ ಹಿಂತಿರುಗಿಸಿದ್ದ,
ಎಳೆ ಸಿಗಲಿಲ್ಲ ಎಂದು ಚೀಟಿ ಬರೆದು, ಕೂಲಿ ಮುಟ್ಟದೆ.
ಪಕ್ಕದ ಅಂಗಡಿಯವನು ಅದನ್ನೇ ಸೀಳಿ ಶ್ರೀಮಂತನಾದ.
ಅಪ್ಪ ಅದನ್ನು ಹೇಳಿಕೊಂಡು ನಗುತ್ತಿದ್ದ.
ಹೊಟ್ಟೆಕಿಚ್ಚಿಗೋ, ನೆಮ್ಮದಿಗೋ, ನಾನು ಕೇಳಲಿಲ್ಲ.

ನಾಲ್ಕು ಹತ್ತು. ಪಂಪು ಕೂಗತೊಡಗಿತು,
ಟಕ್ ಟಕ್ ಟಕ್, ಒಣ ಮರದ ಮೇಲೆ ಕೊಡಲಿಯ ಹಾಗೆ,
ಖಾಲಿ, ಖಾಲಿ, ಎಂದು.
ಜಲ್ಮನ್ ಗೋಡೆಗೆ ಮುಖವಿಟ್ಟು ಪ್ರಾರ್ಥನೆ ಹೇಳುತ್ತಿದ್ದ.
ರಬ್ಬಿಗಳು ಕಣ್ಣು ಮುಚ್ಚಿದ್ದರು; ನಿದ್ದೆಯೋ,
ನೋಡಬಾರದೆಂದೋ.
ಅಪ್ಪನ ಹುಬ್ಬು ಕೊಂಚ ಗಂಟಿಕ್ಕಿದಂತೆ ಕಂಡಿತು,
ಕೆಲಸದ ನಡುವೆ ಯಾರೋ ಬಾಗಿಲು ತಟ್ಟಿದರೆ ಮಾಡುತ್ತಿದ್ದ ಹಾಗೆ.

ಸದ್ದು ನಿಂತಿತು.

ಮೊದಲ ಟ್ರಾಮ್ ಮೂಲೆ ತಿರುಗುವ ಹೊತ್ತಿಗೆ ಅವನೂ.

ವರ್ಷ ಕಳೆದ ಮೇಲೆ ಜಲ್ಮನ್ ಫೋನು ಮಾಡಿದ:
ಸಬ್ಬತ್ ರಾತ್ರಿ ನಾವಂತೂ ಗುಂಡಿ ಒತ್ತುವ ಹಾಗಿರಲಿಲ್ಲ,
ಆ ನರ್ಸಮ್ಮನಿಗೊಂದು ಕಾಗದ ಬರೆಯಬೇಕಿತ್ತು,
ವಿಳಾಸ ಇದೆಯೇ ಅಕ್ಕಾ?

ಹುಡುಕುತ್ತೇನೆ ಎಂದೆ.
ಲೀಸೆಲೋಟ್ ಆ ಹೊತ್ತಿನಲ್ಲಿ ಕೋಣೆಯಲ್ಲಿರಲಿಲ್ಲ.